ಲಾಯದ ಶುಚಿತ್ವವೂ ಶ್ರಾವಕನ ಅಹಿಂಸೆಯೂ

ಸರ್ವಸಂಗ ಪರಿತ್ಯಾಗ ಮಾಡಿದ ದಿಗಂಬರ ಮುನಿಗಳು ತಮ್ಮೊಡನೆ ಇರಿಸಿಕೊಳ್ಳುವ ಉಪಕರಣಗಳು ಮೂರೇ: ಪಿಂಛಿ, ಕಮಂಡಲು ಮತ್ತು ಶಾಸ್ತ್ರ. ಮೊದಲನೆಯದು ಸಂಯಮಕ್ಕೆ, ಎರಡನೆಯದು ಶೌಚಕ್ಕೆ, ಮೂರನೆಯದು ಜ್ಞಾನಕ್ಕೆ. ಕುಳಿತುಕೊಳ್ಳುವ ನೆಲವನ್ನು ಮೃದುವಾಗಿ ಸವರಿ ಅಲ್ಲಿರುವ ಜೀವಿಗಳನ್ನು ಪಕ್ಕಕ್ಕೆ ಸರಿಸುವುದು ಪಿಂಛಿಯ ಕೆಲಸ. ಶುಚಿತ್ವವು ಧರ್ಮಸಾಧನೆಯ ಹೊರಗಿನದಲ್ಲ, ಅದರ ಅಂಗವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆದರೆ ಶ್ರಾವಕರಾದ ನಮ್ಮ ಕೈಯಲ್ಲಿರುವುದು ನವಿಲುಗರಿಯ ಪಿಂಛಿಯಲ್ಲ, ಪೊರಕೆ ಮತ್ತು ಸಲಿಕೆ. ಅವುಗಳಿಂದ ಅಹಿಂಸೆಯನ್ನು ಪಾಲಿಸುವುದು ಹೇಗೆ?

ಈ ಪ್ರಶ್ನೆ ನನ್ನಲ್ಲಿ ಮೂಡಿದ್ದು ಪ್ರಾಣಿಗಳಿಗೆ ಆಶ್ರಯ ನೀಡುವ ಒಂದು ಸಂಸ್ಥೆಗೆ ಹೋಗಿದ್ದಾಗ. ದನಗಳ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಮುದಿ ಕುದುರೆಯ ಲಾಯವಿತ್ತು. ಗಾಡಿ ಎಳೆದು ದಣಿದ ಆ ಜೀವವನ್ನು ದಯೆಯಿಂದಲೇ ಕರೆತಂದಿದ್ದರು. ಮೇವು ನೀರುಗಳಿಗೆ ಕೊರತೆಯಿರಲಿಲ್ಲ. ಆದರೆ ಹಾಸುಹುಲ್ಲು ಒದ್ದೆಯಾಗಿ ಲದ್ದಿಯೊಡನೆ ಬೆರೆತಿತ್ತು. ಬಾಗಿಲಲ್ಲಿ ನಿಂತೊಡನೆಯೇ ಕಣ್ಣು ಉರಿಯತೊಡಗಿತು. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ವಿಚಾರಿಸಿದೆ. “ಗುಡಿಸಿದಷ್ಟೂ ಹುಳುಗಳು ಸಾಯುತ್ತವೆ. ಅದಕ್ಕೇ ವಾರಕ್ಕೊಮ್ಮೆ ಮಾತ್ರ ತೆಗೆಸುತ್ತೇವೆ” ಎಂದರು. ಅವರ ಮಾತಿನಲ್ಲಿ ಸೋಗಿರಲಿಲ್ಲ. ಆದರೆ ಲಾಯದ ಮೂಲೆಯಲ್ಲಿ ನೊಣ ಕೊಲ್ಲುವ ಔಷಧಿಯ ಡಬ್ಬಿಯೂ ಇತ್ತು!

ಇವೆರಡನ್ನೂ ಒಟ್ಟಿಗೆ ನೋಡಿದವರಿಗೆ ಹಿರಿಯರ ತರ್ಕದ ದೋಷ ಗೋಚರಿಸದಿರದು. 450 ಕಿಲೋ ತೂಕದ ಕುದುರೆಯ ಲದ್ದಿ ಮತ್ತು ಮೂತ್ರ ಸೇರಿ ದಿನಕ್ಕೆ ಸುಮಾರು 20ರಿಂದ 25 ಕಿಲೋ ಆಗುತ್ತದೆ. ವಾರಕ್ಕೆ ಅದು ಒಂದೂವರೆ ಕ್ವಿಂಟಾಲು. ಬೇಸಿಗೆಯಲ್ಲಿ ನೊಣ ಇಟ್ಟ ಮೊಟ್ಟೆ ಒಂದು ದಿನದೊಳಗೇ ಒಡೆದು ಮರಿಹುಳು ಹೊರಬರುತ್ತದೆ. ವಾರ ಹತ್ತು ದಿನಗಳಲ್ಲಿ ಅದು ಪೂರ್ಣ ನೊಣವಾಗುತ್ತದೆ. ಒದ್ದೆಯಲ್ಲಿ, ಕೊಳೆಯಲ್ಲಿ ಜೀವೋತ್ಪತ್ತಿ ಹೆಚ್ಚು ಎಂದು ನಮ್ಮ ಹಿರಿಯರು ಎಚ್ಚರಿಸಿದ್ದರ ಮರ್ಮವನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಹಾಗಾದರೆ ವಾರಕ್ಕೊಮ್ಮೆ ತೆಗೆಯುವುದೆಂದರೆ ಏನರ್ಥ? ಸಾವಿರಾರು ಜೀವಿಗಳು ಹುಟ್ಟುವಂತೆ ನಾವೇ ಎಡೆಮಾಡಿಕೊಟ್ಟು, ಅವು ಹುಟ್ಟಿದ ಮೇಲೆ ಸಲಿಕೆ ಹಾಕುವುದು. ಪ್ರತಿದಿನ ಬೆಳಗ್ಗೆ ಮತ್ತು ಸಂಜೆ ತೆಗೆದರೆ ಸಲಿಕೆಗೆ ಸಿಗುವುದು ಬಹುಮಟ್ಟಿಗೆ ಬರಿಯ ಲದ್ದಿ. ತಡಮಾಡಿದರೆ ಸಿಗುವುದು ಜೀವರಾಶಿ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ರೂಢಿ. ಗುಡಿಸುವುದು, ತೊಳೆಯುವುದು ಮೊದಲಾದ ನಿತ್ಯಕಾರ್ಯಗಳಲ್ಲಿ ಆಗುವುದು ಆರಂಭೀ ಹಿಂಸೆ. ಗೃಹಸ್ಥನು ಅದನ್ನು ಪೂರ್ಣವಾಗಿ ತಪ್ಪಿಸಲಾರ, ಎಚ್ಚರದಿಂದ ಕಡಿಮೆ ಮಾಡಬಲ್ಲ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅದು ಶ್ರಾವಕನಿಗೆ ವರ್ಜ್ಯ. ಪೊರಕೆಗೆ ಅಂಜಿದ ಆ ಸಂಸ್ಥೆ ಕೊನೆಗೆ ಔಷಧಿಯ ಡಬ್ಬಿಗೆ ಕೈಹಾಕಿತ್ತು. ಅಂದರೆ ಚಿಕ್ಕ ದೋಷಕ್ಕೆ ಹೆದರಿ ದೊಡ್ಡ ದೋಷವನ್ನು ಮನೆಗೆ ಕರೆದಂತಾಯಿತು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ, ಅದರ ಮೂಲವಾದ ಪ್ರಮಾದವನ್ನು ಮುಂದಿಡುತ್ತಾರೆ. ಲಾಯದಲ್ಲಿ ಪ್ರಮಾದದ ಇನ್ನೊಂದು ಹೆಸರು ‘ನಾಳೆ’.

ಇನ್ನು ಕುದುರೆಯ ಪಾಡನ್ನು ನೋಡೋಣ. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಲಾಂಛನ ಕುದುರೆ. ಅವರ ಪೀಠದ ಮೇಲಿನ ಅಶ್ವವನ್ನು ಅಭಿಷೇಕದ ಹೊತ್ತಿನಲ್ಲಿ ಭಕ್ತಿಯಿಂದ ಕಾಣುವ ನಾವು ಲಾಯದಲ್ಲಿರುವ ಜೀವಂತ ಅಶ್ವದ ಕಷ್ಟವನ್ನು ತಿಳಿಯಬೇಡವೇ? ಮೂತ್ರ ನೆಲದಲ್ಲಿ ನಿಂತಾಗ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಅಮೋನಿಯಾ ಅನಿಲ ಹುಟ್ಟುತ್ತದೆ. ಅದು ಕಣ್ಣನ್ನೂ ಶ್ವಾಸನಾಳವನ್ನೂ ಕೆಡಿಸುತ್ತದೆ. ನಮಗೆ ಒಂದು ಗಳಿಗೆ ಸಹಿಸಲಾಗದ ಆ ಗಾಳಿಯನ್ನು ಕಟ್ಟಿಹಾಕಿದ ಪ್ರಾಣಿ ಹಗಲಿರುಳೂ ಉಸಿರಾಡಬೇಕು. ಸದಾ ಒದ್ದೆಯಲ್ಲಿ ನಿಂತರೆ ಗೊರಸಿನ ಅಡಿಭಾಗ ಕೊಳೆಯುತ್ತದೆ. ಕುದುರೆ ನಿಂತೇ ತೂಕಡಿಸಬಲ್ಲದು, ನಿಜ. ಆದರೆ ಗಾಢನಿದ್ರೆಗೆ ಅದು ಮಲಗಲೇಬೇಕು. ಒದ್ದೆ ನೆಲದಲ್ಲಿ ಮಲಗಲು ಅದು ಹಿಂಜರಿಯುತ್ತದೆ. ಅನ್ನಪಾನಗಳನ್ನು ತಡೆಯುವುದು ಅಹಿಂಸಾಣುವ್ರತದ ಅತಿಚಾರಗಳಲ್ಲೊಂದು. ಮಲಗಲು ಒಣನೆಲ ಕೊಡದೆ ನಿದ್ರೆಯನ್ನು ತಡೆಯುವುದೂ ಅದೇ ಕುಲಕ್ಕೆ ಸೇರಿದ್ದೆಂದು ನನಗೆ ತೋರುತ್ತದೆ.

ಆದ್ದರಿಂದ ದಕ್ಷತೆ ಎಂಬುದು ಕೇವಲ ಲೌಕಿಕ ಗುಣವಲ್ಲ. ಕ್ರಮ ತಿಳಿದು ಮಾಡುವ ಕೆಲಸ ಬೇಗ ಮುಗಿಯುತ್ತದೆ, ಹಿಂಸೆಯೂ ಕಡಿಮೆ. ಮೊದಲು ಕುದುರೆಯನ್ನು ಹೊರಗೆ ಕಟ್ಟಬೇಕು. ಬೆಳಕು ಬಂದ ಮೇಲೆಯೇ ಕೆಲಸ ಆರಂಭಿಸಬೇಕು. ಕತ್ತಲಲ್ಲಿ ಹಾಕಿದ ಸಲಿಕೆಗೆ ಕಣ್ಣಿಲ್ಲ. ಮೇಲಿನ ಲದ್ದಿಯನ್ನು ಬುಟ್ಟಿಗೆ ತುಂಬಿ, ಒದ್ದೆಯಾದ ಹುಲ್ಲನ್ನಷ್ಟೇ ಬೇರ್ಪಡಿಸಿ ತೆಗೆದು, ಒಣಹುಲ್ಲನ್ನು ಗೋಡೆಯ ಬದಿಗೆ ಸರಿಸಬೇಕು. ನೆಲ ಆರಿದ ಮೇಲೆ ಅದನ್ನೇ ಹರಡಿ, ಕೊರತೆಯಷ್ಟು ಹೊಸ ಹುಲ್ಲು ಸೇರಿಸಬೇಕು. ದಿನವೂ ನೀರು ಸುರಿದು ತೊಳೆಯುವ ಆವಶ್ಯಕತೆಯಿಲ್ಲ. ಅದರಿಂದ ತೇವ ಹೆಚ್ಚುತ್ತದೆ, ಅಪ್ಕಾಯ ಜೀವಗಳ ಹಾನಿಯೂ ಆಗುತ್ತದೆ. ನೆಲಕ್ಕೆ ತುಸು ಇಳಿಜಾರೂ ಹರಿದುಹೋಗಲು ಕಾಲುವೆಯೂ ಇದ್ದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ತಿಪ್ಪೆಗುಂಡಿ ಲಾಯದಿಂದ ದೂರವಿರಬೇಕು, ಮುಚ್ಚಿರಬೇಕು. ನೋಡಿ ಎತ್ತುವುದು, ನೋಡಿ ಇಡುವುದು ಆದಾನನಿಕ್ಷೇಪಣ ಸಮಿತಿ. ಮಲವನ್ನು ನಿರ್ಜಂತು ಸ್ಥಳದಲ್ಲಿ ವಿಸರ್ಜಿಸುವುದು ಉತ್ಸರ್ಗ ಸಮಿತಿ. ಇವು ಮುನಿಗಳಿಗೆ ವಿಧಿಸಿದವು. ಆದರೆ ಬುಟ್ಟಿ ಹಿಡಿದ ಶ್ರಾವಕನಿಗೂ ಇವುಗಳಿಗಿಂತ ಉತ್ತಮವಾದ ಪಾಠವಿಲ್ಲ.

ಬುಟ್ಟಿ ಹಿಡಿಯುವವನು ಯಾರು ಎಂಬುದನ್ನೂ ಕೇಳಿಕೊಳ್ಳಬೇಕು. ಬಹುತೇಕ ಕಡೆ ಅವನು ಸಂಬಳದ ಆಳು. ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣುಗಳಿರಬಹುದು. ಬರಿಗಾಲಿನ ಒಂದು ಗಾಯ ಸಾಕು. ಅವನಿಗೆ ಕಾಲಿಗೆ ಬೂಟು, ಕೈಗವಸು, ಕಾಲಕಾಲಕ್ಕೆ ಚುಚ್ಚುಮದ್ದು ಒದಗಿಸದೆ ಪ್ರಾಣಿದಯೆಯ ಫಲಕ ಹಾಕಿಕೊಳ್ಳುವುದು ತರವಲ್ಲ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯಲ್ಲೂ ಕರ್ಮಬಂಧವಿದೆ. ಮಾಡಿಸುವವನು ಹೊರಗೆ ನಿಂತ ಮಾತ್ರಕ್ಕೆ ಹೊಣೆಯಿಂದ ಮುಕ್ತನಾಗಲಾರ.

ಇಷ್ಟೆಲ್ಲ ಮಾಡಿದರೂ ಹಿಂಸೆ ಶೂನ್ಯವಾಗುವುದಿಲ್ಲ. ತಿಪ್ಪೆಯಲ್ಲಿ ಜೀವಿಗಳಿವೆ, ಪೊರಕೆಯಡಿ ಕೆಲವು ಸಾಯುತ್ತವೆ. ಇದನ್ನು ಒಪ್ಪಿಕೊಂಡು ಆಲೋಚನೆಯಿಂದ, ಪ್ರಾಯಶ್ಚಿತ್ತ ಭಾವದಿಂದ ನಡೆಯುವುದೇ ಗೃಹಸ್ಥಧರ್ಮ. ಆ ಹಿರಿಯರಿಗೂ ಇದನ್ನೇ ವಿನಯದಿಂದ ಅರಿಕೆ ಮಾಡಿದೆ. ಅವರು ಬಹಳ ಹೊತ್ತು ಮೌನವಾಗಿದ್ದು, “ದಿನಕ್ಕೆ ಎರಡು ಸಲ ಎಂದರೆ ಇನ್ನೊಬ್ಬ ಆಳು ಬೇಕಾಗುತ್ತದೆ” ಎಂದರು. ಬೇಕು, ನಿಜ. ಮೇವಿಗೆ ದಾನ ಕೊಡಲು ಮುಂದೆ ಬರುವವರು ಹಲವರು. ಲದ್ದಿ ತೆಗೆಯುವ ಕೈಗೆ ದಾನ ಕೊಡಲು ಯಾರಿಗೂ ತೋಚುವುದಿಲ್ಲ.

ಟ್ರಸ್ಟಿನ ಸದಸ್ಯರು ಉತ್ಸವದ ದಿನ ಬರುವುದರ ಜೊತೆಗೆ, ಯಾರಿಗೂ ತಿಳಿಸದೆ ಒಂದು ಮುಂಜಾನೆ ಲಾಯಕ್ಕೆ ಹೋಗಿ ನೋಡಲಿ. ಕುದುರೆಯ ಪಕ್ಕೆಗೆ ನಾಲ್ಕು ಒಣಹುಲ್ಲಿನ ಎಳೆ ಅಂಟಿಕೊಂಡಿದ್ದರೆ, ಅದು ರಾತ್ರಿ ಮಲಗಿತ್ತೆಂದು ತಿಳಿಯಬಹುದು.