ಪಟ್ಟಾಪಟ್ಟಿ ಬೆಕ್ಕಿನ ಗುಣ

ಬೆಕ್ಕಿಲ್ಲದ ಊರಿಲ್ಲ, ಬೆಕ್ಕಿನ ಮೇಲೆ ದೂರಿಲ್ಲದ ಮನೆಯಿಲ್ಲ. ಅಕ್ಕಲಕೋಟ, ಜತ್ತ ಕಡೆಯ ನಮ್ಮ ಹಳ್ಳಿಗಳಲ್ಲಿ ಜೋಳದ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಆ ಬೆಕ್ಕು ಮರಿ ಹಾಕಿತೆಂದರೆ ಹಿರಿಯರು ಒಮ್ಮೆ ಬುಟ್ಟಿಯೊಳಗೆ ಇಣುಕಿ ತೀರ್ಪು ಕೊಟ್ಟುಬಿಡುತ್ತಾರೆ. "ಕೆಂದ ಮರಿ ಇರ್ಲಿ, ಅದು ಸಾಧು. ಕರೀದು ಬ್ಯಾಡ, ಅಪಶಕುನ. ಪಟ್ಟಾಪಟ್ಟಿ ಮರಿ ಇಲಿ ಹಿಡೀತೈತಿ ಖರೆ, ಆದ್ರ ಅದರ ಜಾತೀನ ಕಳ್ಳ." ಇನ್ನೂ ಕಣ್ಣು ಬಿಡದ ಮರಿಗೆ ಹೀಗೆ ಗುಣ ಅಂಟಿಸಿ ಆಯಿತು. ಕೆಲವು ದಿನ ಕಳೆದ ಮೇಲೆ ಬೇಡವಾದ ಮರಿಗಳು ಚೀಲದಲ್ಲಿ ಸೇರಿ ಹಳ್ಳದ ಆಚೆ ದಂಡೆಗೆ ಹೋಗುತ್ತವೆ. ಅಲ್ಲಿ ನಾಯಿ ಇವೆ, ಹದ್ದು ಇವೆ. ಅಂದರೆ ನಾವು ಹಗುರಾಗಿ ಆಡುವ ಆ ಮಾತು ಒಂದು ಜೀವದ ಉಳಿವು ಅಳಿವಿನ ಮಾತು. ಅದು ನ್ಯಾಯದ ಮಾತು ಹೌದೋ ಅಲ್ಲವೋ ನೋಡಬೇಕಲ್ಲವೆ?

ಮೊದಲು ಪಟ್ಟೆ ಅಂದರೇನು ತಿಳಿಯೋಣ. ಇಂಗ್ಲಿಷಿನಲ್ಲಿ ಪಟ್ಟೆ ಬೆಕ್ಕಿಗೆ ಟ್ಯಾಬಿ ಎನ್ನುತ್ತಾರೆ. ಬಾಗ್ದಾದ್ ನಗರದಲ್ಲಿ ಅತ್ತಾಬಿ ಎಂಬ ಪೇಟೆ ಇತ್ತು. ಅಲ್ಲಿ ನೇಯುತ್ತಿದ್ದ ಪಟ್ಟೆ ರೇಷ್ಮೆಗೆ ಆ ಪೇಟೆಯ ಹೆಸರೇ ಬಂತು. ಬಟ್ಟೆಯ ಹೆಸರು ಮುಂದೆ ಬೆಕ್ಕಿಗೆ ಹೋಯಿತು. ಸೊಲ್ಲಾಪುರಿ ಚಾದರ, ಇಳಕಲ್ ಸೀರೆ ಎನ್ನುವ ನಮಗೆ ಇದು ಹೊಸದೇನಲ್ಲ. ಹೆಸರು ಹುಟ್ಟಿದ್ದೇ ಬಟ್ಟೆಯಿಂದ, ಗುಣದಿಂದಲ್ಲ.

ಟ್ಯಾಬಿ ಎನ್ನುವುದು ತಳಿಯ ಹೆಸರೂ ಅಲ್ಲ. ಪರ್ಷಿಯನ್, ಸಯಾಮಿ ಎನ್ನುವವು ತಳಿಗಳು. ಆ ತಳಿಗಳಲ್ಲಿ ಒಂದು ಸಾಮಾನ್ಯವಾಗಿ ಶಾಂತ, ಇನ್ನೊಂದು ಮಾತುಗಾರ ಎಂದು ಹೇಳುವುದಕ್ಕೆ ಅರ್ಥವಿದೆ. ಪಟ್ಟೆ ಬರೀ ತುಪ್ಪಳದ ಮೇಲಿನ ಬರಹ. ಅದರಲ್ಲಿ 4 ಬಗೆ: ಮೀನಿನ ಮುಳ್ಳಿನಂತೆ ಸಾಲು ಗೆರೆ, ಅಗಲವಾದ ಸುರುಳಿ, ಚುಕ್ಕೆ, ಮತ್ತು ಗೆರೆ ಕಾಣದ ಹಾಗೆ ಪ್ರತಿ ಕೂದಲಲ್ಲೇ ಬಣ್ಣ ಬದಲಾಗುವುದು. ಗೆರೆ ಸಾಲಾಗಿರಬೇಕೋ ಸುರುಳಿಯಾಗಬೇಕೋ ಎಂದು ನಿಶ್ಚಯಿಸುವ ವಂಶವಾಹಿಯನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು. ಅದೇ ವಂಶವಾಹಿಯಲ್ಲಿ ಬದಲಾವಣೆ ಆದರೆ ಆಫ್ರಿಕದ ಚೀತಾದ ಚುಕ್ಕೆಗಳೂ ಕೂಡಿಕೊಂಡು ದೊಡ್ಡ ಪಟ್ಟೆಗಳಾಗುತ್ತವೆ.

ಇನ್ನೊಂದು ಮಾತು ಕೇಳಿದರೆ ನಮ್ಮ ತೀರ್ಪು ಪೂರಾ ಬಿದ್ದುಹೋಗುತ್ತದೆ. ಪಟ್ಟೆಯ ನಕ್ಷೆ ಎಲ್ಲ ಬೆಕ್ಕಿನ ಮೈಯಲ್ಲೂ ಇರುತ್ತದೆ. ಕೆಲವದರಲ್ಲಿ ಎದ್ದು ಕಾಣುತ್ತದೆ, ಕೆಲವದರಲ್ಲಿ ಮುಚ್ಚಿರುತ್ತದೆ. ಕರಿ ಮರಿಯನ್ನು ಬಿಸಿಲಿಗೆ ಹಿಡಿದು ನೋಡಿ, ಎಷ್ಟೋ ಸಲ ಮಸುಕು ಗೆರೆಗಳು ಕಾಣುತ್ತವೆ. ಕೆಂದ ಬೆಕ್ಕಿನ ಮೈಮೇಲಂತೂ ಪಟ್ಟೆ ಇದ್ದೇ ಇರುತ್ತದೆ. ಅಂದಮೇಲೆ ನಾವು ಸಾಧು ಎಂದು ಉಳಿಸಿಕೊಂಡದ್ದು, ಕಳ್ಳ ಎಂದು ಬಿಟ್ಟುಬಂದದ್ದು, ಅಪಶಕುನ ಎಂದು ಓಡಿಸಿದ್ದು, ಮೂರೂ ಪಟ್ಟೆ ಬೆಕ್ಕುಗಳೇ!

ಹಾಗಾದರೆ ಬೆಕ್ಕಿನ ಸ್ವಭಾವ ಎಲ್ಲಿಂದ ಬರುತ್ತದೆ? ಸ್ವಲ್ಪ ರಕ್ತದಿಂದ ಬರುತ್ತದೆ. ಧೈರ್ಯದ ಗಂಡಿನ ಮರಿಗಳು ಧೈರ್ಯದವು ಆಗುವುದುಂಟು. ಆದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆ ಇರಬಹುದು, ಆದ್ದರಿಂದ ಬುಟ್ಟಿ ನೋಡಿ ಹೇಳಲಾಗದು. ಹೆಚ್ಚಿನ ಪಾಲು ಬರುವುದು ಹುಟ್ಟಿದ 2ನೇ ವಾರದಿಂದ 7ನೇ ವಾರದ ತನಕ. ಆ ದಿನಗಳಲ್ಲಿ ಮನುಷ್ಯರ ಕೈ ಮೆಲ್ಲಗೆ ತಾಗಿದ ಮರಿ ಮನುಷ್ಯರನ್ನು ನಂಬುತ್ತದೆ. ಆಗ ಯಾರೂ ಮುಟ್ಟದ ಮರಿ ಮುಂದೆ ಹುಲ್ಲಿನ ಬಣಿವೆಯ ಹಿಂದೆಯೇ ಉಳಿಯುತ್ತದೆ. ಇದನ್ನು ತಿಳಿಯಲು ವಿಜ್ಞಾನವೇ ಬೇಕೆಂದಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕುದಿವ ಹಾಲಿಗೆ ಬಾಯಿ ಸುಟ್ಟುಕೊಂಡ ಆ ಬೆಕ್ಕು ಆಮೇಲೆ ಹಾಲು ಕಂಡರೇ ಓಡಿತು. ಆಸ್ಥಾನದವರು ನಕ್ಕರು. ಆದರೆ ಬೆಕ್ಕಿನ ಕಡೆಯಿಂದ ನೋಡಿದರೆ ಅದು ನಗುವ ಕಥೆಯಲ್ಲ. ಹಾಲು ಬೇಡವೆನ್ನುವುದು ಅದರ ಹುಟ್ಟುಗುಣವಾಗಿರಲಿಲ್ಲ, ಯಜಮಾನ ಮಾಡಿಟ್ಟ ಗುಣವಾಗಿತ್ತು.

"ಏನರ ಹೇಳ್ರಿ, ನಮ್ಮನಿ ಹಾಲು ಕುಡಿದದ್ದು ಪಟ್ಟಾಪಟ್ಟೀನ" ಎಂದು ಯಾರಾದರೂ ಅನ್ನಬಹುದು. ಸುಳ್ಳಲ್ಲ. ಆದರೆ ಓಣಿಯಲ್ಲಿ ಪಟ್ಟೆ ಬೆಕ್ಕುಗಳೇ ಹೆಚ್ಚಾಗಿದ್ದರೆ ಇಲಿ ಹಿಡಿದದ್ದೂ ಅವೇ, ಹಾಲು ಕುಡಿದದ್ದೂ ಅವೇ ಆಗಿ ಕಾಣುತ್ತವೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಸಾಧು ಎಂದ ಕೆಂದ ಮರಿಗೆ ತೊಡೆ ಸಿಗುತ್ತದೆ, ರೊಟ್ಟಿ ಹಾಲು ಸಿಗುತ್ತದೆ. ಕಳ್ಳ ಎಂದ ಮರಿಗೆ ಕೋಲು ಸಿಗುತ್ತದೆ. ಕೋಲು ಕಂಡ ಮರಿ ಎದುರಿಗೆ ಬಂದು ತಿನ್ನುವುದಿಲ್ಲ, ಮರೆಯಲ್ಲಿ ಬಂದು ತಿನ್ನುತ್ತದೆ. ಮರೆಯಲ್ಲಿ ತಿಂದದ್ದಕ್ಕೆ ನಾವಿಟ್ಟ ಹೆಸರು ಕಳವು. ಮೊದಲು ಹೆಸರಿಟ್ಟೆವು, ಆಮೇಲೆ ಹೆಸರಿಗೆ ತಕ್ಕ ಬೆಕ್ಕನ್ನು ತಯಾರು ಮಾಡಿದೆವು, ಕಡೆಗೆ "ನಾ ಹೇಳಿರ್ಲಿಲ್ಲೇನು?" ಎಂದೆವು.

ಇನ್ನು ಕಳವಿನ ಮಾತು. ಕಳವು ಆಗಬೇಕಾದರೆ ಇದು ನನ್ನದು, ಅದು ನಿನ್ನದು ಎಂಬ ಅರಿವು ಬೇಕು. ಬೆಕ್ಕಿಗೆ ಪೆಟ್ಟಿನ ಅಂಜಿಕೆ ಉಂಟು, ಒಡೆತನದ ಲೆಕ್ಕ ಇಲ್ಲ. ಅದು ಮಾಂಸ ತಿನ್ನುವ ಪ್ರಾಣಿ; ಸಿಹಿಯ ರುಚಿ ಕೂಡ ಅದರ ನಾಲಿಗೆಗೆ ಗೊತ್ತಾಗುವುದಿಲ್ಲ. ಹಾಲಿನ ಜಿಡ್ಡಿನ ವಾಸನೆ ಹಿಡಿದು ಬರುತ್ತದೆ. "ಹೊಟ್ಟಿ ಹಸಿದ್ರ ಇಲಿ ಹಿಡೀತೈತಿ" ಎಂದು ಅದಕ್ಕೆ ಏನೂ ಹಾಕದೆ ಇಡುವವರು ನಾವು, ಗಡಿಗೆ ಮುಚ್ಚದೆ ಮಲಗುವವರೂ ನಾವು. ಹಾಲು ಹೋದ ನಷ್ಟ ನಷ್ಟವೇ, ಬಡವರ ಮನೆಯಲ್ಲಿ ಸಣ್ಣ ನಷ್ಟವಲ್ಲ. ಅದಕ್ಕೆ ಮುಚ್ಚಳ ಉಂಟು, ನೆಲುವು ಉಂಟು. ಬೆಕ್ಕಿನ ಹುಟ್ಟಿಗೆ ಕಳಂಕ ಹಚ್ಚುವುದರಿಂದ ಹಾಲು ಉಳಿಯುವುದಿಲ್ಲ.

ಇಷ್ಟು ಹೊತ್ತು ಬೆಕ್ಕಿನ ಮಾತಾಯಿತು. ಆದರೆ ಈ ಚಾಳಿ ಬುಟ್ಟಿಯ ಹತ್ತಿರವೇ ನಿಲ್ಲುವುದಿಲ್ಲ. 1ನೇ ಇಯತ್ತೆಗೆ ಬಂದ ಹುಡುಗನ ಅಡ್ಡಹೆಸರು, ಓಣಿ ಕೇಳಿದ ಕೂಡಲೆ "ಅವ್ರ ಮಂದೀನ ಹಂಗ" ಎನ್ನುವುದುಂಟು. ಅವನನ್ನು ಹಿಂದೆ ಕೂರಿಸುತ್ತೇವೆ, ಪ್ರಶ್ನೆ ಕೇಳುವುದಿಲ್ಲ. ಕೇಳದವನಿಗೆ ಉತ್ತರಿಸುವ ರೂಢಿ ಬರುವುದಿಲ್ಲ. 4 ವರ್ಷದ ಮೇಲೆ ನಮ್ಮ ಮಾತು ಖರೆ ಆಯಿತು ಎಂದು ತಲೆ ಆಡಿಸುತ್ತೇವೆ. ಗಡಿಯ ಜನರಾದ ನಮಗೆ ಇದರ ರುಚಿ ಗೊತ್ತಿರಬೇಕು. ಇತ್ತ ಹೋದರೆ ಕಾನಡಿ, ಅತ್ತ ಹೋದರೆ ಮಹಾರಾಷ್ಟ್ರದವರು. ಬಾಯಿ ತೆರೆಯುವ ಮೊದಲೇ ನಮ್ಮ ಗುಣ ತೀರ್ಮಾನವಾಗಿರುತ್ತದೆ. ತಾನು ಉಂಡ ಕಹಿಯನ್ನು ಮತ್ತೊಬ್ಬರಿಗೆ ಬಡಿಸಬಾರದು.

ಮನುಷ್ಯನೂ ಬೆಕ್ಕೂ ಒಂದೇ ಎಂದು ನಾನು ಹೇಳುತ್ತಿಲ್ಲ. ಮನುಷ್ಯನಿಗೆ ನನ್ನದು ನಿನ್ನದು ಗೊತ್ತು, ಆದ್ದರಿಂದ ಅವನು ಮಾಡಿದ್ದಕ್ಕೆ ಅವನನ್ನು ಕೇಳಬಹುದು. ಮಾಡಿದ್ದಕ್ಕೆ ಕೇಳಬೇಕು, ಹುಟ್ಟಿದ್ದಕ್ಕೆ ಅಲ್ಲ. ಹಾಗೆಯೇ "ನನ್ನ ಸ್ವಭಾವಾನ ಹಿಂಗ" ಎಂದು ಜಾರಿಕೊಳ್ಳುವ ಹಕ್ಕೂ ಅವನಿಗಿಲ್ಲ. ಬೆಕ್ಕಿಗೆ ಆ ಎರಡು ಮಾತೂ ಸಲ್ಲವು. ಅದರ ಪರವಾಗಿ ಯೋಚಿಸಬೇಕಾದವರು ನಾವು.

ಮರಾಠಿಯಲ್ಲಿ ಬೆಕ್ಕಿಗೆ ಹುಲಿಯ ಮಾವಶಿ ಎನ್ನುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷದ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕೊಂದು ಸಿಕ್ಕಿದೆ. ಅಷ್ಟು ಹಳೆಯ ನಂಟು ಇದು; ನಮ್ಮ ಕಾಳು ಉಳಿಸಿಕೊಟ್ಟ ನಂಟು. ಅದಕ್ಕೆ ನಾವು ಕೊಡಬೇಕಾದದ್ದು ಬಹಳವೇನಿಲ್ಲ. ಮರಿಗಳನ್ನು 8 ವಾರ ತಾಯಿಯ ಹತ್ತಿರ ಬಿಡಿ. ಮಕ್ಕಳ ಕೈಯಿಂದ ದಿನಕ್ಕೆ ಸ್ವಲ್ಪ ಹೊತ್ತು ಮೈ ಸವರಿಸಿ. ಸಾಕಲು ಆಗದಿದ್ದರೆ ಕೇಳಿದವರಿಗೆ ಕೊಡಿ. ಮತ್ತೆ ಮತ್ತೆ ಮರಿ ಬೇಡವೆಂದರೆ ದನದ ಡಾಕ್ಟರ ಹತ್ತಿರ ಆಪರೇಷನ್ ವಿಚಾರಿಸಿ, ಚೀಲ ಹುಡುಕಬೇಡಿ. ಯಾವ ಮರಿ ಎಂಥದು ಎಂದು ಹೇಳಲೇಬೇಕಿದ್ದರೆ ಒಂದು ವರ್ಷ ಸಾಕಿ ನೋಡಿ ಹೇಳಿ. ಅಷ್ಟು ಹೊತ್ತಿಗೆ ಅದರಲ್ಲಿ ಕಾಣುವ ಗುಣದಲ್ಲಿ ನಮ್ಮ ಮನೆಯ ಪಾಲೂ ಇರುತ್ತದೆ.