ಗಂಧವೂ ಆಚಾರಲಿಂಗವೂ



ಕಳೆದ ಶ್ರಾವಣದಲ್ಲಿ ಜತ್ತ ತಾಲೂಕಿನ ಒಂದು ಊರಿನಲ್ಲಿ ಪ್ರವಚನ ಮುಗಿಸಿ ಕುಳಿತಿದ್ದೆವು. ಕಿರಾಣಿ ವ್ಯಾಪಾರಿಯೊಬ್ಬರು ಬಂದು ನಮಸ್ಕರಿಸಿ, "ಅಪ್ಪಾರ, ಅಂಗಡಿಯೊಳಗ ಈಗ ನೂರೆಂಟು ನಮೂನಿ ಊದಿನಕಡ್ಡಿ ಬಂದಾವು. ಲಿಂಗಪೂಜಿಗೆ ಯಾವುದು ಹಚ್ಚಿದರ ಶ್ರೇಷ್ಠ?" ಎಂದು ಕೇಳಿದರು. ಕೂಡಿದವರೆಲ್ಲ ನಕ್ಕರು. ನಮಗೆ ಆ ಪ್ರಶ್ನೆ ಸಣ್ಣದೆನಿಸಲಿಲ್ಲ. ಬಸ್ಸಿನ ಹೊತ್ತಾಗಿದ್ದರಿಂದ ಅಂದು ಅರ್ಧ ಉತ್ತರ ಕೊಟ್ಟು ಬಂದೆವು. ಉಳಿದರ್ಧ ಇಲ್ಲಿದೆ.

ನಮ್ಮ ಷಟ್‌ಸ್ಥಲ ಶಾಸ್ತ್ರದಲ್ಲಿ ಒಂದೊಂದು ಇಂದ್ರಿಯಕ್ಕೆ ಒಂದೊಂದು ಲಿಂಗವನ್ನು ಹೇಳಿದ್ದಾರೆ. ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಮೂಗಿಗೆ ಆಚಾರಲಿಂಗ. ಪಂಚಭೂತಗಳಲ್ಲಿ ಅದರ ಪಾಲಿಗೆ ಬಂದದ್ದು ಪೃಥ್ವಿ, ಅಂದರೆ ಮಣ್ಣು. ಸ್ಥಲಗಳಲ್ಲಿ ಮೊದಲನೆಯದಾದ ಭಕ್ತಸ್ಥಲ. ವಾಸನೆ, ಮಣ್ಣು, ಆಚಾರ, ಭಕ್ತ ಈ ನಾಲ್ಕನ್ನೂ ಶರಣರು ಒಂದೇ ಸಾಲಿನಲ್ಲಿ ಕೂಡ್ರಿಸಿದರು. ಏಕೆ ಎಂಬುದು ಪಂಡಿತರಿಗಿಂತ ಒಕ್ಕಲಿಗರಿಗೆ, ವ್ಯಾಪಾರಸ್ಥರಿಗೆ ಬೇಗ ತಿಳಿದೀತು.

ಮಿರಗದ ಮೊದಲ ಹನಿ ಎರೆಹೊಲಕ್ಕೆ ಬಿದ್ದಾಗ ಏಳುವ ಕಂಪನ್ನು ನಿಮಗೆ ವರ್ಣಿಸಿ ಹೇಳಬೇಕಿಲ್ಲ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಅದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಒಣನೆಲ ಬೇಸಿಗೆಯಲ್ಲಿ ಹೀರಿಟ್ಟುಕೊಂಡ ಗಿಡಗಳ ಎಣ್ಣೆಯಂಶ ಮಳೆಗೆ ಹೊರಬೀಳುತ್ತದೆ. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಮಾಡುವ ಜಿಯೋಸ್ಮಿನ್ ಎಂಬ ವಸ್ತುವೂ ಅದರೊಡನೆ ಸೇರುತ್ತದೆ. ಲಕ್ಷ ಕೋಟಿ ಪಾಲು ನೀರಿನಲ್ಲಿ ಅದು ಹತ್ತು ಪಾಲು ಇದ್ದರೂ ಸಾಕು, ಮನುಷ್ಯನ ಮೂಗು ಗುರುತಿಸುತ್ತದೆ. ಉತ್ತರ ಪ್ರದೇಶದ ಕನೌಜದಲ್ಲಿ ಇದನ್ನೇ ಅತ್ತರು ಮಾಡುತ್ತಾರೆ. ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯಿಂದ ಶ್ರೀಗಂಧದ ಎಣ್ಣೆಗೆ ಇಳಿಸುತ್ತಾರೆ. ಸಿರಿವಂತರು ಸಣ್ಣ ಸೀಸೆಯಲ್ಲಿ ಕೊಳ್ಳುವ ಆ ಸುವಾಸನೆ ನಿಮ್ಮ ಹೊಲದ ಬದುವಿನ ಮೇಲೆ ಪುಕ್ಕಟೆ ಸಿಗುತ್ತದೆ, ಮಳೆ ಬಂದರೆ.

ಇನ್ನು ವ್ಯಾಪಾರ. ಅಡತಿ ಅಂಗಡಿಯಲ್ಲಿ ಚೀಲದಿಂದ ತೆಗೆದ ಹಿಡಿ ಜೋಳವನ್ನು ಮೂಗಿಗೆ ಹಿಡಿದು, ಮುಗ್ಗಿದ್ದರೆ ಅಲ್ಲೇ ಕೆಳಗಿಡುತ್ತೀರಿ. ಎಣ್ಣೆ ಕಮಟಾಗಿದ್ದರೆ ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಗೊತ್ತು. ಬಣ್ಣದಿಂದ ಕಣ್ಣನ್ನು ಮೋಸಗೊಳಿಸಬಹುದು, ಮೂಗನ್ನು ಹಾಗೆ ಮಾಡುವುದು ಕಷ್ಟ. ಅದಕ್ಕೂ ಮಿತಿ ಇದೆಯೆನ್ನಿ. ಹಗೇವಿನೊಳಗಿನ ಕೆಟ್ಟ ಗಾಳಿಗೆ ಎಷ್ಟೋ ಸಲ ವಾಸನೆಯೇ ಇರುವುದಿಲ್ಲ. ಹಿರಿಯರು ಮೊದಲು ದೀಪ ಇಳಿಸಿ, ಅದು ಆರಿದರೆ ಯಾರನ್ನೂ ಒಳಗಿಳಿಸುತ್ತಿರಲಿಲ್ಲ. ಅಡುಗೆ ಗ್ಯಾಸು ಸೋರಿದ್ದು ತಿಳಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೆರೆಸುತ್ತಾರೆ. ಆ ನಾತವೇ ಎಷ್ಟೋ ಮನೆಗಳನ್ನು ಉಳಿಸಿದೆ.

ಕಾಳು, ಎಣ್ಣೆಗಳನ್ನು ಪರೀಕ್ಷಿಸುವ ಈ ಮೂಗು ಮನುಷ್ಯನನ್ನು ಅಳೆಯಲು ಹೊರಟಾಗ ಆಚಾರ ಕೆಡುತ್ತದೆ.

ಕಲ್ಯಾಣದ ಶರಣರಲ್ಲಿ ಗಾಣದ ಕಣ್ಣಪ್ಪನಿದ್ದ, ಅಂಬಿಗರ ಚೌಡಯ್ಯನಿದ್ದ, ಹರಳಯ್ಯನಿದ್ದ, ಡೋಹರ ಕಕ್ಕಯ್ಯನಿದ್ದ. ಡೋಹರರೆಂದರೆ ತೊಗಲು ಹದ ಮಾಡುವವರು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಬೇಕು, ಕೂದಲು ಹೆರೆಯಬೇಕು, ತಂಗಡಿ ತೊಗಟೆಯ ರಸದಲ್ಲಿ ಅದ್ದಿ ಅದ್ದಿ ತೆಗೆಯಬೇಕು. ಆ ವಾಸನೆ ಕೈಗೆ ಹತ್ತಿದರೆ ಸ್ನಾನಕ್ಕೂ ಬಿಡುವುದಿಲ್ಲ. ಆ ಕೈಯ ಮೇಲೆಯೇ ಇಷ್ಟಲಿಂಗ ಬಂದು ಕುಳಿತಿತು. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಇಂದಿಗೂ ಕಕ್ಕಯ್ಯನ ಸ್ಮಾರಕವಿದೆ. ಸೊಲ್ಲಾಪುರದಲ್ಲಿ ಆತನನ್ನು ತಮ್ಮ ಹಿರಿಯನೆಂದು ನೆನೆಯುವ ಮನೆಗಳಿವೆ. ಆ ಮನೆಗಳ ಚಹಾ ನಮ್ಮಲ್ಲಿ ಎಷ್ಟು ಜನ ಕುಡಿದಿದ್ದೀರಿ?

ಇದನ್ನು ಕೇಳುವ ನಾವೂ ತಪ್ಪಿದವರೇ. ಪಟ್ಟಕ್ಕೆ ಬಂದ ಹೊಸತು. ಅಕ್ಕಲಕೋಟ ಕಡೆಯ ಒಂದು ಹಳ್ಳಿಯಲ್ಲಿ ಭಕ್ತರು ಸಾಲಾಗಿ ಬಂದು ನಮಸ್ಕರಿಸುತ್ತಿದ್ದರು. ತೊಗಲಿನ ಕೆಲಸ ಮಾಡುವ ಹಿರಿಯರೊಬ್ಬರು ಕಾಯಿ ಹಿಡಿದು ಬಾಗಿದರು. ನಮ್ಮ ಕೈ ತಾನೇ ಶಲ್ಯವನ್ನು ಮೂಗಿಗೆ ಒಯ್ದಿತು. ಕ್ಷಣಮಾತ್ರ. ಅವರು ಅದನ್ನು ಕಂಡರು. ಹಿಂದೆ ಸರಿದು, ಕಾಯಿಯನ್ನು ಹೊಸ್ತಿಲ ಮೇಲಿಟ್ಟು ಹೋದರು. ಆ ಸಂಜೆ ಪೂಜೆಯಲ್ಲಿ ಮಲ್ಲಿಗೆಯೂ ಇತ್ತು, ಲೋಬಾನವೂ ಇತ್ತು. ನಮಗೆ ಯಾವ ಕಂಪೂ ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅವರ ಮನೆ ಕೇಳಿಕೊಂಡು ಹೋದೆವು. ಅವರು ಎತ್ತಿನ ಬಾರು ಕೊಯ್ಯುತ್ತಿದ್ದರು. ಗಡಬಡಿಸಿ ಎದ್ದು ಅಂಗಳದಲ್ಲಿ ಕಂಬಳಿ ಹಾಸಿ, "ಒಳಗ ವಾಸನಿ ಬರತೈತ್ರಿ ಅಪ್ಪಾರ, ಇಲ್ಲೇ ಹೊರಗ ಕೂಡ್ರಿ" ಎಂದರು. ನಾವು ಒಳಗೇ ಹೋಗಿ ಕುಳಿತೆವು, ಅವರು ಕೊಟ್ಟ ಬೆಲ್ಲದ ಚಹಾ ಕುಡಿದೆವು, ತಪ್ಪಾಯಿತೆಂದೆವು. ಅವರು ಮಳೆಯ ಮಾತು, ಎತ್ತಿನ ಮಾತು ಆಡಿದರೇ ಹೊರತು ಆ ಮಾತಿಗೆ ಬರಲಿಲ್ಲ. ಮುಂದೆ ಎರಡು ಜಾತ್ರೆ ಕಾದೆವು. ಅವರು ಮಠಕ್ಕೆ ಬರಲಿಲ್ಲ. ಮೂರನೆಯ ವರ್ಷ ತೀರಿಕೊಂಡ ಸುದ್ದಿ ಬಂತು.

ಜತ್ತ ತಾಲೂಕಿನ ಆ ಸದ್ಭಕ್ತರಿಗೆ ಉತ್ತರ ಇಷ್ಟೇ. ಊದಿನಕಡ್ಡಿ ಯಾವುದಾದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಅಂಗೈಯಲ್ಲಿ ಲಿಂಗವನ್ನಿಟ್ಟು ನೋಡುವಾಗ ಮೂಗಿಗೆ ಮೊದಲು ಬರುವುದು ನಿಮ್ಮದೇ ಅಂಗೈಯ ವಾಸನೆ: ಸೆಗಣಿ, ಉಳ್ಳಾಗಡ್ಡಿ, ಬೆಲ್ಲ, ನೋಟಿನ ಕಂತೆ. ಅದು ಯಾವ ದುಡಿಮೆಯಿಂದ, ಯಾವ ತೂಕದಿಂದ ಹತ್ತಿದ್ದು ಎಂದು ನೋಡಿಕೊಂಡು ಅದನ್ನೇ ಅರ್ಪಿಸಿರಿ. ಪೂಜೆಯ ಹೊತ್ತಿಗೆ ಗಟಾರ ಬಳಿಯುವವರೋ ಸತ್ತ ದನ ಎಳೆಯುವವರೋ ಬಾಗಿಲಿಗೆ ಬಂದರೆ ಒಳಗೆ ಕರೆಯಿರಿ. ಅವರಿಗೆಂದು ಬೇರೆ ಕಪ್ಪು ಬೇಡ.

ಬರುವ ಜಾತ್ರೆಯ ದಾಸೋಹದಲ್ಲಿ ಯಾರನ್ನಾದರೂ ಬೇರೆ ಪಂಗತಿಗೆ ಕೂಡ್ರಿಸಿದ್ದು ಕಂಡರೆ ನಮಗೆ ತಿಳಿಸಿರಿ. ನಮ್ಮ ಎಲೆಯನ್ನೂ ಅಲ್ಲಿಯೇ ಹಾಕಿಸಿಕೊಳ್ಳುತ್ತೇವೆ.