ವಿಷಾದವು ಪಾಪದ ಫಲವೇ?

ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ವಿಷಾದಯೋಗವೆಂಬ ಹೆಸರಿರುವುದು ಆಸ್ತಿಕರೆಲ್ಲರಿಗೂ ತಿಳಿದ ವಿಷಯವೇ ಸರಿ. ಅಲ್ಲಿ ಅರ್ಜುನನಿಗೆ ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಗಾಂಡೀವವು ಕೈಯಿಂದ ಜಾರುತ್ತದೆ. ಅವನ ದುಃಖದ ಕಾರಣವು ಕಣ್ಣೆದುರಿಗೇ ನಿಂತಿತ್ತು. ಆದರೆ ಎದುರಿಗೆ ಯಾವ ಸೇನೆಯೂ ಇಲ್ಲದೆ, ನಡುಮನೆಯಲ್ಲಿ ಕುಳಿತಲ್ಲಿಯೇ ಗಾಂಡೀವ ಜಾರಿದವರ ಮಾತೇನು? ಅನ್ನವಸ್ತ್ರಗಳಿಗೆ ಕೊರತೆಯಿಲ್ಲದವರೂ ತಿಂಗಳುಗಟ್ಟಲೆ ಬಾಡಿ ಕುಳಿತಿರುವುದನ್ನು ನಾವು ಕಂಡಿದ್ದೇವೆ. ವೈದ್ಯರು ಇದನ್ನು ಖಿನ್ನತೆಯೆಂಬ ರೋಗವೆನ್ನುತ್ತಾರೆ. ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ಬೇರೆ: ದೇವರಲ್ಲಿ ಮನಸ್ಸಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ಈ ಮಾತನ್ನು ನಾನೂ ಆಡಿದವನೇ. ಒಂಬತ್ತು ವರ್ಷಗಳ ಹಿಂದೆ ನನ್ನ ಅಕ್ಕ ಎರಡನೆಯ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮದುವೆಗೆ ಮುಂಚೆ ಬೆಳಗಿನ ಜಾವದಲ್ಲೆದ್ದು, ಹಾಡು ಹೇಳುತ್ತಲೇ ತಂದೆಯವರ ಪೂಜೆಗೆ ಅಣಿಮಾಡುತ್ತಿದ್ದವಳು. ಮಗುವಿಗೆ ನಾಲ್ಕು ತಿಂಗಳು ತುಂಬುವ ವೇಳೆಗೆ, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ದೇವರ ಮುಂದೆ ಕುಳಿತರೆ, ದೀಪ ಹಚ್ಚದೆ ಅರ್ಧ ಗಂಟೆ ಹಾಗೆಯೇ ಇರುತ್ತಿದ್ದಳು. ಮಗು ಮಲಗಿದರೂ ಇವಳಿಗೆ ನಿದ್ರೆಯಿಲ್ಲ. ಬಂದವರು ದೃಷ್ಟಿಯೆಂದರು, ಗ್ರಹಚಾರವೆಂದರು. ಬಿ.ಎ. ಓದಿದ ನಾನು, "ದೇವರು ಎಲ್ಲಾ ಕೊಟ್ಟಾನ, ಏನು ಕಡಿಮಿ ಆಗೇದ ನಿನಗ?" ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಅವಳು, "ದೇವರ ಮುಂದ ಕೂತರ ಏನೂ ಅನಸೂದಿಲ್ಲೋ. ನಾ ಎಷ್ಟು ಪಾಪಿ ಇರಬೇಕು ನೋಡು" ಎಂದಳು. ಆ ದಿನಗಳಲ್ಲಿ ನಮ್ಮ ತಾಯಿಯವರು ಹಿತ್ತಲ ಬಾಗಿಲಿಗೆ ಬೀಗ ಹಾಕಿ ಮಲಗುತ್ತಿದ್ದರು. ಹಿತ್ತಲಲ್ಲಿ ಬಾವಿಯಿತ್ತು. ಬೀಗ ಏಕೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಹಿಂದೆ ಪ್ರಿಯವಾಗಿದ್ದುದರಲ್ಲಿ ರುಚಿ ತಪ್ಪುವುದು, ಅಕಾರಣವಾಗಿ ತನ್ನನ್ನು ತಾನೇ ಅಪರಾಧಿಯೆಂದು ಭಾವಿಸುವುದು, ಇವೆರಡನ್ನೂ ವೈದ್ಯಶಾಸ್ತ್ರವು ಈ ರೋಗದ ಲಕ್ಷಣಗಳಲ್ಲಿ ಎಣಿಸುತ್ತದೆ. ಜ್ವರ ಬಂದವನಿಗೆ ಪಾಯಸವೂ ಕಹಿಯಾಗುತ್ತದೆ. ಪಾಯಸದ ಮೇಲಣ ದ್ವೇಷದಿಂದ ಜ್ವರ ಬಂತೆಂದು ಯಾರೂ ಹೇಳುವುದಿಲ್ಲ. ಅಕ್ಕನ ವಿಷಯದಲ್ಲಿ ನಾವು ಹೇಳಿದ್ದು ಅದನ್ನೇ. ರೋಗವು ಅವಳ ಕಿವಿಯಲ್ಲಿ ಹಗಲಿರುಳು ಹೇಳುತ್ತಿದ್ದ ಸುಳ್ಳಿಗೆ ಮನೆಯವರೆಲ್ಲ ಸೇರಿ ಸಾಕ್ಷಿ ನುಡಿದೆವು.

ಹಾಗಾದರೆ ಪ್ರಾರಬ್ಧವೆಂಬುದಿಲ್ಲವೇ ಎಂದು ವಾಚಕರು ಕೇಳಬಹುದು. ಪಾಠಶಾಲೆಯಲ್ಲಿ ತರ್ಕದ ಮೊದಲ ಪಾಠಗಳಲ್ಲಿಯೇ ಸಾಧಾರಣ ಕಾರಣ, ಅಸಾಧಾರಣ ಕಾರಣಗಳ ಭೇದವನ್ನು ಕಲಿಸುತ್ತಾರೆ. ಈಶ್ವರೇಚ್ಛೆ, ಕಾಲ, ಅದೃಷ್ಟ ಇವು ಸಕಲ ಕಾರ್ಯಗಳಿಗೂ ಸಾಧಾರಣ ಕಾರಣಗಳು; ಮಡಕೆಗೂ ಅವೇ, ಬಟ್ಟೆಗೂ ಅವೇ. ಮಡಕೆಗೆ ಮಣ್ಣು, ಬಟ್ಟೆಗೆ ನೂಲು ಎಂಬ ವಿಶೇಷವನ್ನು ಹೇಳದ ಹೊರತು ಉತ್ತರವು ಪೂರ್ಣವಾಗದು. ಕಾಲು ಮುರಿದದ್ದೂ ಪ್ರಾರಬ್ಧವೇ. ಆದರೂ ಮೂಳೆ ಕಟ್ಟಿಸುತ್ತೇವಷ್ಟೆ. ಮನಸ್ಸು ಮುರಿದಾಗ ಮಾತ್ರ ಸಾಧಾರಣ ಕಾರಣದಲ್ಲಿಯೇ ವಿಚಾರವನ್ನು ಮುಗಿಸಿಬಿಡುವುದು ಶಾಸ್ತ್ರಸಮ್ಮತವೆಂದು ನನಗೆ ತೋರುವುದಿಲ್ಲ.

ಆ ವಿಶೇಷ ಕಾರಣಗಳು ಒಂದೆರಡಲ್ಲ. ವಂಶದಿಂದ ಬರುವ ಒಲವು ಸ್ವಲ್ಪಮಟ್ಟಿಗಿದೆ. ಅದು ಒಲವು ಮಾತ್ರ, ತೀರ್ಪಲ್ಲ. ಹೆರಿಗೆಯ ನಂತರ ಶರೀರದಲ್ಲಾಗುವ ಏರುಪೇರು, ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ದೀರ್ಘವ್ಯಾಧಿ, ಕೆಲವು ಔಷಧಗಳು, ಮದ್ಯಪಾನ ಇವೆಲ್ಲವೂ ಸೇರುತ್ತವೆ. ನಮ್ಮಂತಹ ಶುದ್ಧ ಸಸ್ಯಾಹಾರಿಗಳು ವಿಶೇಷವಾಗಿ ಗಮನಿಸಬೇಕಾದ್ದು ಬಿ12 ಜೀವಸತ್ವವನ್ನು. ಅದು ಕಾಳುಪಲ್ಯಗಳಲ್ಲಿಲ್ಲ, ಹಾಲು ಮೊಸರಿನಲ್ಲಿದೆ. ಮನೆಮಂದಿಗೆಲ್ಲ ಬಡಿಸಿ, ಉಳಿದ ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಹೆಂಗಸರಿಗೆ ಅದೆಷ್ಟು ದೊರೆಯುತ್ತದೆ? ಇದರ ಕೊರತೆಯಿಂದ ಕೈಕಾಲು ಜುಮುಗುಡುವುದು, ಮರೆವು, ಮನಸ್ಸಿನ ಕುಗ್ಗುವಿಕೆ ಉಂಟಾಗಬಹುದು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ವ್ರತ ಬಿಡಬೇಕಾಗಿಲ್ಲ.

ಮಿದುಳಿನ ಒಂದು ರಾಸಾಯನಿಕ ಕಡಿಮೆಯಾದದ್ದೇ ಎಲ್ಲಕ್ಕೂ ಮೂಲವೆಂಬ ಸರಳ ವಿವರಣೆಯೂ ಈಗ ನಿಂತಿಲ್ಲ. ಗುಳಿಗೆಗಳಿಂದ ಅನೇಕರಿಗೆ ಗುಣವಾಗುವುದು ನಿಜ. ಆದರೆ ಜೀವನದ ಪೆಟ್ಟುಗಳೂ ಕಾರಣವೇ. ಬ್ರೌನ್ ಮತ್ತು ಹ್ಯಾರಿಸ್ ಎಂಬ ಇಬ್ಬರು ಸಂಶೋಧಕರು ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದ ಸ್ತ್ರೀಯರನ್ನು ಅಭ್ಯಸಿಸಿ 1978ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡವರು, ಚಿಕ್ಕಮಕ್ಕಳು ಹಲವರಿರುವವರು, ಮನಸ್ಸು ಬಿಚ್ಚಿ ಮಾತನಾಡಲು ಆಪ್ತರಿಲ್ಲದವರು, ಕಷ್ಟ ಬಂದಾಗ ಬೇಗ ಕುಸಿಯುತ್ತಾರೆಂದು ಅವರಿಗೆ ಕಂಡಿತು. ಊರು ಯಾವುದೋ, ಮತ ಯಾವುದೋ. ನಮ್ಮ ಅಡುಗೆಮನೆಗಳನ್ನೇ ನೋಡಿ ಬರೆದಂತಿದೆ.

ಇದೆಲ್ಲ ಪರದೇಶದ ಮಾತೆನ್ನುವವರು ಚರಕಸಂಹಿತೆಯನ್ನು ನೋಡಬಹುದು. ಅದರ ಸೂತ್ರಸ್ಥಾನದ ಇಪ್ಪತ್ತನೆಯ ಅಧ್ಯಾಯದಲ್ಲಿ ಎಂಬತ್ತು ವಾತವಿಕಾರಗಳ ಎಣಿಕೆಯಿದೆ. ನಡುಕ, ಆಕಳಿಕೆ, ಬಿಕ್ಕಳಿಕೆ, ಅವುಗಳ ಬೆನ್ನಿಗೇ ವಿಷಾದ. ಬಿಕ್ಕಳಿಕೆ ಬಂದವನನ್ನು ಭಕ್ತಿಹೀನನೆಂದವರನ್ನು ನಾನು ಕಂಡಿಲ್ಲ.

ಅಕ್ಕನ ವಿಷಯದಲ್ಲಿ ದಾರಿ ತೋರಿದವರು ತಂದೆಯವರೇ. "ಹೋಮ ನಾ ಮಾಡ್ತೀನಿ, ನೀ ಆಕಿನ್ನ ಡಾಕ್ಟರ ಕಡೆ ಕರಕೊಂಡು ಹೋಗು, ಎರಡೂ ಆಗಲಿ" ಎಂದರು. ಪರೀಕ್ಷೆಯಲ್ಲಿ ಥೈರಾಯ್ಡಿನ ದೋಷ ಕಂಡಿತು. ಔಷಧವೂ ನಡೆಯಿತು, ವಾರಕ್ಕೊಮ್ಮೆ ವೈದ್ಯರೊಡನೆ ಮಾತೂ ನಡೆಯಿತು. ಇದರಲ್ಲಿ ಯಾವುದರ ಪಾಲು ಎಷ್ಟೆಂದು ಕೇಳಿದಾಗ ವೈದ್ಯರು ನಕ್ಕು, ಹಾಗೆ ಭಾಗ ಮಾಡಲಾಗದೆಂದರು. ಏಳೆಂಟು ತಿಂಗಳಲ್ಲಿ ಹಾಡು ಮರಳಿತು, ಮೊದಮೊದಲು ಮಗುವನ್ನು ತೂಗುವಾಗ ಮಾತ್ರ.

ಈಗಲೂ ಮಂಗಳಾರತಿಯಾದ ಮೇಲೆ ಮಕ್ಕಳ ಜಾತಕ ಹಿಡಿದು ಬರುವವರುಂಟು: ಮಗ ಕೋಣೆ ಬಿಟ್ಟು ಬರುವುದಿಲ್ಲ, ಸೊಸೆ ಮಾತನಾಡುವುದಿಲ್ಲ ಎಂದು. ತಂದೆಯವರು ಜಾತಕವನ್ನು ಪಕ್ಕಕ್ಕಿಟ್ಟು, "ನಿದ್ದಿ ಬರ್ತದೇನು? ಊಟ ಸೇರ್ತದೇನು? ಸಾಯೋ ಮಾತು ಆಡ್ತಾರೇನು?" ಎಂದು ಮೊದಲು ಕೇಳುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರವು ಮನೋಆರೋಗ್ಯಕ್ಕಾಗಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ 14416 ಎಂಬ ಸಂಖ್ಯೆಯನ್ನು ಪಂಚಾಂಗದ ರಟ್ಟಿನ ಒಳಬದಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಹೊಸ ವರ್ಷದ ಪಂಚಾಂಗ ಬಂದೊಡನೆ ಮೊದಲು ಅದನ್ನೇ ಎತ್ತಿ ಬರೆಯುವುದು.